ಇಲಿವಾರದಂದು ಲಾಳಿಯ ಕರುಳಿನಲ್ಲಿ ಕಂಡದ್ದು

ಧಾರವಾಡ
೨೧೯೨, ಸುಮ್ಮದಿನ

ಇಲಿಯ ಕರುಳಿನ ಚಿತ್ರದ ಮುಂದೆ ಕಣ್ಣು ಕಿರಿದು ಮಾಡಿ ಕೂತಿರುವ ಹಿರಿಯರಿಗೆ, ಇಲಿಮನೆಯ ನೀಲಗಂಗಾ ಮಾಡುವ ನಮಸ್ಕಾರಗಳು.

ಹಿರಿಯರು ಎಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನೀವು ಇಪ್ಪತ್ತೆಂಟರ ಪ್ರಾಯದವರೇ ಇರಬಹುದು, ಮನೆಯಲ್ಲಿ ನಿಮ್ಮ ಮದುವೆಯ ಮಾತು ನಡೆದಿರಬಹುದು. ನನ್ನ ಲೆಕ್ಕದಲ್ಲಿ ಮಾತ್ರ ನೀವು ನನ್ನ ಅಜ್ಜನ ಅಜ್ಜಿಯ ಓರಗೆಯವರು, ಆದ್ದರಿಂದ ಕಾಲು ಮುಟ್ಟಿಯೇ ಮಾತು ಶುರು ಮಾಡಬೇಕು. ಮೇಲಿನ ತಾರೀಖು ನೋಡಿ ಗಾಬರಿಯಾಗುವುದೂ ಬೇಡ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ಒಂದೊಂದಕ್ಕೂ ನಾಲ್ಕೇ ವಾರ. ಹಾಗೆ ಹಂಚಿದ ಮೇಲೆ ಕೊನೆಗೆ ಒಂದು ದಿನ ಮಿಕ್ಕುತ್ತದೆ. ಅದು ಯಾವ ತಿಂಗಳಿಗೂ ಸೇರುವುದಿಲ್ಲ, ಸೋಮವಾರವೂ ಅಲ್ಲ, ಮಂಗಳವಾರವೂ ಅಲ್ಲ. ಅದನ್ನು ಸುಮ್ಮದಿನ ಎನ್ನುತ್ತೇವೆ. ಅಂದು ಅಂಗಡಿ ತೆರೆಯುವುದಿಲ್ಲ, ಯಾರೂ ಯಾರಿಗೂ ಕೆಲಸ ಹೇಳುವುದಿಲ್ಲ. ಹಬ್ಬಗಳು ಮಾತ್ರ ನಿಮ್ಮ ಕಾಲದ ಹಾಗೆಯೇ ಚಂದ್ರನನ್ನು ನೋಡಿಕೊಂಡು ಬರುತ್ತವೆ. ಅವುಗಳಿಗೂ ಖಾಯಂ ತಾರೀಖು ಕೊಡಲು ಹೊರಟ ಒಂದು ಸರಕಾರ ಒಂದೇ ವರ್ಷದಲ್ಲಿ ಕೈಬಿಟ್ಟಿತು.

ನನ್ನ ಮಾತು ಅಲ್ಲಲ್ಲಿ ನಿಮಗೆ ಹೊಸದಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ಓದಿ ಓದಿ ಅದರಂತೆ ಬರೆಯಲು ಹೆಣಗಿದ್ದೇನೆ. ನಾವು ದಿನವೂ ಆಡುವ ಕೆಲವು ಹೆಸರುಗಳು ನಿಮ್ಮಲ್ಲಿ ಇನ್ನೂ ಹುಟ್ಟಿಲ್ಲ, ಅವನ್ನು ಬಂದ ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮ್ಮ ಕೈಗೆ ಬರುವುದು ಹಿಂದಂಚೆಯಿಂದ. ಮುಂದಿನವರು ಹಿಂದಿನವರಿಗೆ ಬರೆಯುವ ಅಂಚೆ ಅದು. ವರ್ಷಕ್ಕೊಮ್ಮೆ, ಸುಮ್ಮದಿನ ಮಾತ್ರ, ಅದರ ಕಿಟಕಿ ತೆರೆಯುತ್ತದೆ. ಮುಂದೆ ಆಗುವುದನ್ನು ಕೆದಕಿ ಹೇಳುವಂತಿಲ್ಲ, ಊರ ರಾಜಕೀಯ ಬರೆಯುವಂತಿಲ್ಲ, ಮದ್ದಿನ ಹೆಸರನ್ನಂತೂ ಎತ್ತುವಂತಿಲ್ಲ. ಕಿಟಕಿಯಲ್ಲಿ ಕೂತ ಅಧಿಕಾರಿ ನನ್ನ ಮೊದಲ ಕರಡನ್ನು ಓದಿ ಅರ್ಧಕ್ಕರ್ಧ ಹೊಡೆದು ಹಾಕಿ, "ಅಮ್ಮಾರ, ಕೃತಜ್ಞತಾ ಹೇಳಾಕ ಇಷ್ಟ್ಯಾಕ ಬರೀತೀರಿ?" ಎಂದು ಕೇಳಿದ. ನನಗೆ ಹೇಳಬೇಕಾದದ್ದು ಅಷ್ಟಿದೆ, ಏನು ಮಾಡಲಿ.

ಮೊದಲು ನನ್ನ ಕೆಲಸ ಏನೆಂದು ಹೇಳುತ್ತೇನೆ. ನಾನು ಧಾರವಾಡದ ಇಲಿಮನೆಯಲ್ಲಿ ನೋಟಗಾರ್ತಿ, ಎಂದರೆ ಕರುಳಿನ ಚಿತ್ರಗಳನ್ನು ನೋಡಿ ಓದುವವಳು. ಇಲಿಮನೆ ಎಂದರೆ ಕರುಳಿನ ಗಡ್ಡೆಯ ರೋಗಿಗಳ ಜೊತೆಯಿಲಿಗಳು ಇರುವ ಮನೆ. ಯಾರಿಗಾದರೂ ದೊಡ್ಡ ಕರುಳಿನಲ್ಲಿ ಗಡ್ಡೆ ಕಂಡರೆ ಅದರ ಒಂದು ಚೂರನ್ನು ತೆಗೆದು ಒಂದು ಇಲಿಯ ಕರುಳಿನಲ್ಲಿ ನೆಡುತ್ತಾರೆ. ಗಡ್ಡೆ ಅಲ್ಲಿ ಬೇರು ಬಿಡಲು ತಿಂಗಳುಗಟ್ಟಲೆ ಬೇಕು. ಆಮೇಲೆ ಮದ್ದು ಮೊದಲು ಹೋಗುವುದು ಇಲಿಗೆ. ವಾರವಾರವೂ ಇಲಿಯ ಕರುಳಿನ ಚಿತ್ರ ತೆಗೆದು, ಗಡ್ಡೆ ಕುಗ್ಗಿತೋ ಬೆಳೆಯಿತೋ ನೋಡಿ, ಅದರಂತೆ ಮನುಷ್ಯರಿಗೆ ಮದ್ದಿನ ಅಳತೆ ಕೊಡುತ್ತಾರೆ. ಈ ಇಲಿಯನ್ನೇ ಜೊತೆಯಿಲಿ ಎನ್ನುವುದು. ಇಲಿಮನೆ ಇರುವುದು ನೆಲದ ಕೆಳಗೆ, ಏಕೆಂದರೆ ಮೇಲಿನ ಬಿಸಿಲು ಈಗ ನಿಮ್ಮ ಕಾಲದ ಬಿಸಿಲಲ್ಲ. ಗೋಡೆಗಳೊಳಗೆ ನೀರು ಹರಿಯುತ್ತದೆ, ಒಳಗೆ ಸದಾ ಕಾರ್ತಿಕದ ಬೆಳಗಿನ ತಂಪು. ನಾವು ಸ್ನಾನ ಮಾಡಿ, ಒಗೆದ ಬಿಳಿ ಬಟ್ಟೆ ಉಟ್ಟು ಒಳಗೆ ಹೋಗುತ್ತೇವೆ. ಮಧ್ಯಾಹ್ನ ಮೇಲೆ ಬಂದು ರೊಟ್ಟಿ, ಪುಂಡಿಪಲ್ಯ ಉಂಡು, ಒಂದು ಪೇಡೆ ಬಾಯಿಗೆ ಹಾಕಿಕೊಂಡು ಮತ್ತೆ ಇಳಿಯುತ್ತೇವೆ. ಹೌದು, ಪೇಡೆ ಇನ್ನೂ ಇದೆ. ಅಷ್ಟನ್ನು ಹೇಳಬಹುದು ಎಂದು ಅಧಿಕಾರಿ ಒಪ್ಪಿದ್ದಾನೆ.

ಚಿತ್ರ ತೆಗೆಯುವ ಬಗೆ ನಿಮ್ಮದಕ್ಕಿಂತ ಸಲೀಸು. ನೀವು ಇಲಿಯ ಮೂಗಿಗೆ ಅರಿವಳಿಕೆಯ ಗಾಳಿ ಬಿಟ್ಟು, ಅದು ತಣ್ಣಗಾಗದಂತೆ ಕೆಳಗೆ ಬಿಸಿಯ ಹಾಸು ಹಾಕಿ, ದಡಬಡ ಸದ್ದು ಮಾಡುವ ಎಂ.ಆರ್.ಐ. ಕೊಳವೆಯಲ್ಲಿ ಮಲಗಿಸುತ್ತಿದ್ದಿರಂತೆ. ಉಸಿರಿಗೆ ಹೊಟ್ಟೆ ಏರಿಳಿದು, ಕರುಳು ತನ್ನಷ್ಟಕ್ಕೆ ಅಲೆಯಾಡಿ ಚಿತ್ರ ಕಲಸಿಹೋಗುತ್ತಿತ್ತು. ಹೋದ ವಾರ ಕಂಡ ಗಡ್ಡೆ ಈ ವಾರ ಯಾವ ಮಡಿಕೆಯಲ್ಲಿ ಅಡಗಿದೆ ಎಂದು ಹುಡುಕುವುದರಲ್ಲೇ ನಿಮ್ಮ ಅರ್ಧ ದಿನ ಹೋಗುತ್ತಿತ್ತು. ಕಂಡದ್ದು ಗಡ್ಡೆಯೋ ಹಿಕ್ಕೆಯೋ ಎಂದು ನಿಮ್ಮೊಳಗೇ ಜಗಳವಾಗುತ್ತಿತ್ತಂತೆ. ನಮ್ಮಲ್ಲಿ ಇಲಿ ಮಲಗುವ ಗೂಡೇ ಚಿತ್ರ ತೆಗೆಯುತ್ತದೆ. ಅದು ಮುದುಡಿ ನಿದ್ದೆ ಹೋದಾಗ ಕೆಲಸ ಮುಗಿದಿರುತ್ತದೆ, ಅದಕ್ಕೆ ಗೊತ್ತೂ ಆಗುವುದಿಲ್ಲ. ಹಿಕ್ಕೆಯ ತಕರಾರೂ ಇಲ್ಲ. ಇಲಿಗಳಿಗೆ ನಾವು ಹಾಕುವುದು ತಿಳಿಗೂಳು. ಮೊಳೆತ ಜೋಳದ ಹಾಲಿನಿಂದ ಮಾಡುವ ಆ ಮೇವಿಗೆ ಚಿತ್ರದಲ್ಲಿ ನೆರಳೇ ಬೀಳುವುದಿಲ್ಲ. ಹೀಗಾಗಿ ಕರುಳಿನಲ್ಲಿ ನೆರಳು ಕಂಡಿತೆಂದರೆ ಅದು ಗಡ್ಡೆ ಎಂದೇ ಅರ್ಥ. ನನಗೆ ಕಲಿಸಿದವರಿಗೂ ಅವರಿಗೆ ಕಲಿಸಿದವರಿಗೂ ಇದರಲ್ಲಿ ಎಂದೂ ಅನುಮಾನ ಬಂದಿರಲಿಲ್ಲ. ಮೂರು ತಲೆಮಾರಿನ ನೋಟಗಾರರು ಇಲಿಯ ಹೊಟ್ಟೆಯಲ್ಲಿ ಊಟವನ್ನೇ ನೋಡಿಲ್ಲ.

ವಾರವಾರದ ಚಿತ್ರಗಳನ್ನು ಒಂದರ ಪಕ್ಕ ಒಂದು ಜೋಡಿಸಿದ್ದಕ್ಕೆ ಮಾಲೆ ಎನ್ನುತ್ತೇವೆ. ಒಂದು ಇಲಿಗೆ ಒಂದೇ ಮಾಲೆ. ಇದು ನೀವು ಹಾಕಿಕೊಟ್ಟ ದಾರಿ. ನಿಮಗಿಂತ ಹಿಂದಿನವರು ಒಂದು ತಿಂಗಳಿಗೆ ಗಡ್ಡೆ ಹೇಗಿದೆ ನೋಡಲು ಒಂದಷ್ಟು ಇಲಿ ಕೊಯ್ಯುತ್ತಿದ್ದರು, ಎರಡು ತಿಂಗಳಿಗೆ ಹೇಗಿದೆ ನೋಡಲು ಮತ್ತಷ್ಟು. ಒಂದು ಇಲಿ ತನ್ನ ಬಾಳಿನ ಒಂದೇ ದಿನದ ಸುದ್ದಿ ಹೇಳಿ ಸಾಯುತ್ತಿತ್ತು. ಕೊಯ್ಯದೆ, ಅದೇ ಇಲಿಯನ್ನು ಮತ್ತೆ ಮತ್ತೆ ನೋಡೋಣ ಎಂದು ಕೂತವರು ನೀವು. ಇಲಿಗಳಿಗೆ ರೋಗ ಕೊಟ್ಟದ್ದೂ ನೀವೇ, ಅದನ್ನು ಮರೆತಿಲ್ಲ. ನಾವೂ ಕೊಡುತ್ತೇವೆ, ಪಾಪ ಅನ್ನಿಸುತ್ತದೆ. ಆದರೂ ಮತ್ತೆ ನೋಡುವ ಆ ಅಭ್ಯಾಸ ನಿಮ್ಮಿಂದ ಬಾರದೇ ಇದ್ದಿದ್ದರೆ ನಾನು ಇವತ್ತು ಅಳುತ್ತಾ ಕೂತಿರುತ್ತಿದ್ದೆ.

ವಿಷಯಕ್ಕೆ ಬರುತ್ತೇನೆ. ನನಗೆ ಒಬ್ಬಳೇ ತಂಗಿ, ದಾನಮ್ಮ. ನಾವು ಬನಹಟ್ಟಿಯ ನೇಕಾರರು. ನಾನು ಓದಿ ಧಾರವಾಡ ಸೇರಿದೆ, ಅವಳು ಮಗ್ಗ ಬಿಡಲಿಲ್ಲ. ಅವಳಷ್ಟು ನುಣ್ಣಗೆ ಸೀರೆಯ ಅಂಚು ನೇಯುವವರು ಈಗ ಆ ಊರಲ್ಲಿ ಇಲ್ಲ, ತಂಗಿ ಎಂದು ಹೊಗಳುತ್ತಿಲ್ಲ. ಹೋದ ವರ್ಷ ಅವಳ ದೊಡ್ಡ ಕರುಳಿನಲ್ಲಿ ಗಡ್ಡೆಗಳು ಕಂಡವು. ಮದ್ದು ಹಿಡಿಯದಿದ್ದರೆ ಕರುಳನ್ನೇ ತೆಗೆಯಬೇಕು, ಆಮೇಲೆ ಹೊಟ್ಟೆಯ ಪಕ್ಕದಲ್ಲಿ ಚೀಲ. ಕೆಳಗೆ ಕಾಲು ತುಳಿಯುತ್ತಾ, ಹೊಟ್ಟೆ ಬಗ್ಗಿಸಿ ಮಗ್ಗದ ಕುಣಿಯಲ್ಲಿ ಕೂರುವ ಕೆಲಸ ಅವಳದು. ಅದು ಮುಗಿದಂತೆಯೇ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವಳು ಚಿಕಿತ್ಸೆಗೆಂದು ನನ್ನ ಮನೆಗೆ ಬಂದಳು. ಅವಳ ಜೊತೆಯಿಲಿ ಸಿದ್ಧವಾದಾಗ, ಗೂಡಿನ ಈ ಗೋಡೆಯಿಂದ ಆ ಗೋಡೆಗೆ ಅದು ಓಡಾಡುವುದನ್ನು ನೋಡಿ ನಕ್ಕು, ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿಯ ಹೆಸರನ್ನೇ ಅದಕ್ಕೆ ಇಟ್ಟಳು.

ಲಾಳಿಯ ಕರುಳಿನಲ್ಲಿ ಮೂರು ಗಡ್ಡೆಗಳಿದ್ದವು. ನಾವು ಗಾತ್ರವನ್ನು ಅಡುಗೆಮನೆಯ ಕಾಳುಗಳಿಂದಲೇ ಹೇಳುವುದು, ಧಾರವಾಡದ ಇಲಿಮನೆಯ ರೂಢಿ ಅದು. ಶುರುವಿನಲ್ಲಿ ಜೋಳದಷ್ಟಿದ್ದವು, ಮದ್ದು ಕೊಟ್ಟಂತೆ ಕುಗ್ಗಿ ಶ್ರಾವಣದ ಹೊತ್ತಿಗೆ ಸಾಸಿವೆಗೆ ಬಂದಿದ್ದವು. ಸ್ವಂತ ಮನೆಯವರ ಮಾಲೆಯನ್ನು ನೋಟಗಾರರು ಮುಟ್ಟಬಾರದು, ಅದು ನಿಯಮ. ಲಾಳಿಯ ಮಾಲೆಯನ್ನು ನೋಡುತ್ತಿದ್ದವರು ನಮ್ಮ ಮುಖ್ಯಸ್ಥೆ ಡಾಕ್ಟರ್ ಝಾಕಿರಾ ನದಾಫ್. ಗಟ್ಟಿ ಹೆಂಗಸು, ಸುಳ್ಳು ಸಮಾಧಾನ ಹೇಳಿ ಗೊತ್ತಿಲ್ಲ.

ಗಣೇಶ ಚೌತಿಯ ಮರುದಿನ ಮಧ್ಯಾಹ್ನ ಅವರು ನನ್ನನ್ನು ಕೋಣೆಗೆ ಕರೆದರು. "ನೀಲಗಂಗಾ, ಕುಂದರ್ರಿ. ಸುದ್ದಿ ಚಲೋ ಇಲ್ಲ" ಎಂದರು. ಅಂದಿನ ಚಿತ್ರದಲ್ಲಿ ಹಳೆಯ ಮೂರರ ಜೊತೆಗೆ ಐದು ಹೊಸ ನೆರಳುಗಳಿದ್ದವು, ಎಲ್ಲವೂ ಎಳ್ಳಿನಷ್ಟು. ಹೋದ ವಾರ ಅಲ್ಲಿ ಏನೂ ಇರಲಿಲ್ಲ. ಮದ್ದು ಹಾಕುತ್ತಿರುವಾಗಲೇ ಹೊಸ ಗಡ್ಡೆ ಎದ್ದರೆ ಮದ್ದು ಸೋತಿತೆಂದು ಲೆಕ್ಕ. ಆಗ ನಮ್ಮಲ್ಲಿ ಕೊನೆನೋಟ ಮಾಡುತ್ತಾರೆ. ಎಂದರೆ, ಇಲಿಯನ್ನು ನೋವಿಲ್ಲದೆ ಮುಗಿಸಿ, ಕರುಳನ್ನು ಬಿಚ್ಚಿ ಖಾತ್ರಿ ಮಾಡಿಕೊಳ್ಳುವುದು. ಜೊತೆಯಿಲಿ ಇಲ್ಲದ ಮೇಲೆ ಮದ್ದಿನ ಅಳತೆ ಹೇಳುವವರಿಲ್ಲ, ಆದ್ದರಿಂದ ಮದ್ದೂ ನಿಲ್ಲುತ್ತದೆ. ಇನ್ನೊಂದು ಇಲಿಯನ್ನು ಸಿದ್ಧ ಮಾಡುವಷ್ಟು ಕಾಲ ದಾನಮ್ಮನ ಕೈಯಲ್ಲಿ ಇರಲಿಲ್ಲ. ಕೊನೆನೋಟ ಆಯಿತೆಂದರೆ ಅದರಲ್ಲಿ ಏನೇ ಕಾಣಲಿ, ಮುಂದಿನ ವಾರ ಅವಳ ಹೊಟ್ಟೆಗೆ ಕತ್ತರಿ.

ಇಷ್ಟು ವರ್ಷ ಮಾಲೆ ನೋಡಿದ ನನ್ನ ಕಣ್ಣು ಸುಮ್ಮನಿರಲಿಲ್ಲ. ಐದೂ ಒಂದೇ ಗಾತ್ರ, ಒಂದೇ ಆಕಾರ, ಒಂದೇ ವಾರದಲ್ಲಿ. ಗಡ್ಡೆಗಳು ಹಾಗೆ ಮಾತಾಡಿಕೊಂಡು ಬರುವುದನ್ನು ನಾನು ಕಂಡಿರಲಿಲ್ಲ. "ಡಾಕ್ಟ್ರ, ಇನ್ನೊಂದ ಸಲ ನೋಡೂಣ್ರಿ. ನಾಳಿ ಬೆಳಿಗ್ಗೆ ತನಕ ಲಾಳಿನ ಬಿಡ್ರಿ" ಎಂದೆ.

"ಬಿಟ್ಟು ಏನ್ ನೋಡತೀರಿ? ನೆರಳ ಬಿದ್ದೈತಿ, ಅದರಾಗ ಮತ್ತೇನೈತಿ? ನಿಮ್ಮ ಜಾಗಾದಾಗ ನಾ ಇದ್ರ ನಾನೂ ಹಿಂಗ ಅಂತಿದ್ದೆ. ಆದ್ರ ತಡಾ ಮಾಡಿದಷ್ಟು ದಾನಮ್ಮಗ ತ್ರಾಸ."

"ಗೊತ್ತೈತ್ರಿ. ಆದ್ರೂ ಒಂದ ನೋಟ."

ಅವರು ಬೆಳಿಗ್ಗೆಯ ತನಕ ಎಂದು ಒಪ್ಪಿದರು. ಅವರು ಒಪ್ಪಿದ್ದು ನನ್ನ ಮೇಲಿನ ಕನಿಕರಕ್ಕೆ, ನನ್ನ ಮಾತಿನ ಮೇಲಿನ ನಂಬಿಕೆಗಲ್ಲ. ಅದು ನನಗೂ ಗೊತ್ತಿತ್ತು. ತಂಗಿಗೆ ನಾನೇ ತಿಳಿಸುತ್ತೇನೆಂದು ಹೇಳಿ ಮನೆಗೆ ಹೊರಟೆ. ಹದಿನೈದು ನಿಮಿಷದ ದಾರಿ, ಸಪ್ತಾಪುರದ ಇಳಿಜಾರಿನಲ್ಲಿ ಎರಡು ಸಲ ನಿಂತು ಕಣ್ಣೊರೆಸಿಕೊಂಡೆ.

ದಾನಮ್ಮ ಅಡುಗೆಮನೆಯಲ್ಲಿ ಕರಿಗಡಬು ಕರಿಯುತ್ತಿದ್ದಳು. ಹಿಂದಿನ ದಿನದ ಕಡಬು ಸಾಲದೆಂದು ಬೆಳಿಗ್ಗೆ ಎದ್ದವಳೇ ಮತ್ತೆ ಕಣಕ ಕಲಸಿದ್ದಳು. ನನ್ನ ಮುಖ ನೋಡಿ, "ಯಾಕ ಅಕ್ಕಾ, ಹಬ್ಬದ ದಿನ ಮಾರಿ ಹಿಂಗ್ಯಾಕ ಮಾಡಿ? ಯಾರರ ಬೈದ್ರೇನ?" ಎಂದು ತಟ್ಟೆ ತಂದಿಟ್ಟಳು. ನಾನು ಉಣ್ಣಲಿಲ್ಲ. ಸುತ್ತಿ ಬಳಸದೆ ಹೇಳಿಬಿಟ್ಟೆ. ಲಾಳಿಯ ಕರುಳಿನಲ್ಲಿ ಐದು ಹೊಸ ಗಡ್ಡೆ ಎದ್ದಿವೆ, ಎಳ್ಳಿನಷ್ಟು, ನಾಳೆ ಲಾಳಿಯ ಕೊನೆನೋಟ, ಆಮೇಲೆ ನಿನಗೆ ಆಪರೇಷನ್ ಎಂದೆ. ಅವಳು ಒಲೆ ಆರಿಸಿ ನನ್ನೆದುರು ಕೂತಳು. ಅತ್ತಾಳು ಎಂದುಕೊಂಡೆ. ಅವಳು ಅಳಲಿಲ್ಲ, ಹುಬ್ಬು ಗಂಟಿಕ್ಕಿ ಏನೋ ಯೋಚಿಸಿದಳು.

"ಎಳ್ಳಿನಷ್ಟು ಅಲ್ಲ ಅಕ್ಕಾ, ಅದು ಎಳ್ಳ ಇರಬೇಕು. ಬೆಳಿಗ್ಗೆ ನಾನ ಹೋಗಿ ಲಾಳಿಗೆ ಕಡಬು ತಿನ್ನಿಸಿ ಬಂದೇನಿ."

ರೋಗಿಗಳು ಹಬ್ಬದ ದಿನ ತಮ್ಮ ಜೊತೆಯಿಲಿಯನ್ನು ನೋಡಿ ಬರಬಹುದು, ಗೂಡಿನ ಕಂಡಿಯಲ್ಲಿ ಕೈಹಾಕಿ ಮೈ ಸವರಬಹುದು. ತಿನ್ನಿಸಬಾರದು ಎಂದು ಬಾಗಿಲಲ್ಲಿ ಒಂದು ಮಾತು ಹೇಳುತ್ತಾರೆ, ಆದರೆ ಯಾರೂ ತಿನ್ನಿಸಿದ್ದಿಲ್ಲ. ಸೆರಗಿನ ಮರೆಯಲ್ಲಿ ಇವಳು ಎಳ್ಳು, ಕೊಬ್ಬರಿ ಹಾಕಿದ ಕಡಬಿನ ಹೂರಣವನ್ನು ಒಯ್ದಿದ್ದಾಳೆ. ಲಾಳಿ ಬಾಚಿ ತಿಂದಿದೆ. ಅದಾಗಿ ಕೆಲವು ತಾಸಿಗೆ ಗೂಡು ಚಿತ್ರ ತೆಗೆದಿದೆ.

"ಯಾರನ್ನ ಕೇಳಿ ತಿನ್ನಿಸಿದಿ?" ಎಂದು ರೇಗಿದೆ.

"ಇಲಿವಾರದ ದಿನ ಇಲಿಗೆ ಉಣ್ಣಾಕ ಹಾಕಾಕ ಯಾರನ್ನ ಕೇಳಬೇಕು? ನೀ ಬನಹಟ್ಟ್ಯಾಗ ಹುಟ್ಟಿದಾಕಿ ಹೌದಿಲ್ಲೊ? ನನ್ನ ಸಲುವಾಗಿ ಹೊಟ್ಯಾಗ ಗಡ್ಡಿ ಇಟಗೊಂಡ ಕುಂತೈತಿ ಅದು. ಇವತ್ತೂ ಅದಕ್ಕ ನಿಮ್ಮ ಸಪ್ಪನ್ನ ಜ್ವಾಳದ ಹಾಲ ಕುಡಿಸಿದ್ರ ನಾ ಮುಂದ ಮಗ್ಗದಾಗ ಹೆಂಗ ಕುಂದರ್ಲಿ?"

ಇಲಿವಾರ ನಿಮಗೆ ಗೊತ್ತಿರಬಹುದು, ಇಲ್ಲದಿದ್ದರೆ ಹೇಳುತ್ತೇನೆ. ಗಣೇಶ ಚೌತಿಯ ಮರುದಿನ ನಮ್ಮ ಕಡೆಯ ನೇಕಾರರ ಮನೆಗಳಲ್ಲಿ ಇಲಿಗೆ ಎಡೆ. ಅಂದು ಮಗ್ಗ ನಿಲ್ಲಿಸಿ, ಅದರ ಕೆಳಗೆ ಕಡಬು ಇಟ್ಟು, ವರ್ಷವಿಡೀ ನೂಲು ಕಡಿಯಬೇಡಪ್ಪ ಎಂದು ಕೈಮುಗಿಯುತ್ತಾರೆ. ಇಲಿಗಳ ನಡುವೆಯೇ ಹೊತ್ತು ಕಳೆಯುವ ನನಗೆ ಆ ದಿನದ ನೆನಪೇ ಇರಲಿಲ್ಲ. ಮಗ್ಗದ ಮುಂದೆ ಕೂರುವ ಅವಳು ಅದನ್ನು ಹೇಗೆ ಮರೆತಾಳು? ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡೂ ಸೇರಿ ಕೆಮ್ಮು ಬಂತು. ಅವಳು ಬೆನ್ನು ತಟ್ಟಿ ನೀರು ಕುಡಿಸಿದಳು.

ನಾನು ಇಲಿಮನೆಗೆ ಮರಳಿ ಇದನ್ನು ಹೇಳಿದಾಗ ಡಾಕ್ಟರ್ ನದಾಫ್ ನಗಲಿಲ್ಲ. ಕಡಬು ತಿಂದದ್ದು ನಿಜವಿರಬಹುದು, ಗಡ್ಡೆ ಎದ್ದದ್ದೂ ನಿಜವಿರಬಹುದು, ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ ಎಂದರು. ಅವರ ಮಾತು ಸರಿಯೇ ಇತ್ತು. ನೆರಳು ನೋಡಿ ಇದು ಎಳ್ಳು, ಇದು ಗಡ್ಡೆ ಎಂದು ಬಿಡಿಸಿ ಹೇಳುವ ಕಣ್ಣು ನಮ್ಮಲ್ಲಿ ಒಬ್ಬರಿಗೂ ಉಳಿದಿರಲಿಲ್ಲ. ನಮಗೆ ಉಳಿದದ್ದು ನಿಮ್ಮ ದಾರಿ ಒಂದೇ, ಅದೇ ಇಲಿಯನ್ನು ಮತ್ತೆ ನೋಡುವುದು. ಸಂಜೆ ಲಾಳಿ ಮುದುಡಿ ಮಲಗಿದಾಗ ಗೂಡು ಇನ್ನೊಂದು ಚಿತ್ರ ತೆಗೆಯಿತು. ನಿಯಮವನ್ನು ಪಕ್ಕಕ್ಕಿಟ್ಟು ಅವರು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಹಳೆಯ ಮೂರು ಗಡ್ಡೆಗಳು ಇದ್ದ ಮಡಿಕೆಯಲ್ಲೇ ಇದ್ದವು. ಹೊಸ ಐದರಲ್ಲಿ ಎರಡು ಕಾಣಲಿಲ್ಲ. ಉಳಿದ ಮೂರು ಕರುಳಿನ ಕೊನೆಯ ತಿರುವನ್ನು ದಾಟಿ ಕೆಳಗೆ ಇಳಿದಿದ್ದವು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಗಡ್ಡಿಗೆ ಕಾಲ ಮೂಡೂದಿಲ್ಲ" ಎಂದರು. ಕನ್ನಡಕವನ್ನು ಮತ್ತೆ ಹಾಕಿಕೊಂಡು, "ಮೂವತ್ತ ವರ್ಷದ ನೌಕರಿ ನನ್ನದು. ಇಲಿ ಹೊಟ್ಯಾಗ ಊಟ ನೋಡಿದ್ದ ಇವತ್ತ. ಕಡಬು ಉಳದಾವೇನ್ರಿ?" ಎಂದು ಕೇಳಿದರು. ಉಳಿದಿದ್ದವು. ದಾನಮ್ಮ ಡಬ್ಬಿ ತುಂಬಿಸಿ ಕಳಿಸಿದಳು, ಜೊತೆಗೆ ಇಲಿಮನೆಯ ಎಲ್ಲರಿಗೂ ಸಾಕಾಗುವಷ್ಟು ಬೈಗುಳವನ್ನೂ ಕಳಿಸಿದಳು. ಮರುದಿನ ಬೆಳಿಗ್ಗೆ ಕೊನೆನೋಟಕ್ಕೆಂದು ಇಟ್ಟಿದ್ದ ಹೊತ್ತಿನಲ್ಲಿ ಹಳೆಯ ಮೂರನ್ನು ಬಿಟ್ಟರೆ ಲಾಳಿಯ ಕರುಳು ತಿಳಿಯಾಗಿತ್ತು. ಗೂಡಿನ ಮೂಲೆಯಲ್ಲಿ ಬಿದ್ದ ಹಿಕ್ಕೆಯಲ್ಲಿ ಎಳ್ಳಿನ ಸಿಪ್ಪೆ ಸಿಕ್ಕಿತು. ಲಾಳಿ ಮಾತ್ರ ಮೀಸೆ ಅಲ್ಲಾಡಿಸುತ್ತಾ, ಇವತ್ತೇಕೆ ಕಡಬು ಇಲ್ಲ ಎಂಬ ಹಾಗೆ ಕಂಡಿಯ ಹತ್ತಿರವೇ ಸುಳಿದಾಡುತ್ತಿತ್ತು.

ಮದ್ದು ನಿಲ್ಲಲಿಲ್ಲ. ದೀಪಾವಳಿಯ ಹೊತ್ತಿಗೆ ಸಾಸಿವೆಯಷ್ಟಿದ್ದ ಗಡ್ಡೆಗಳು ಗಸಗಸೆಗೆ ಬಂದವು, ಆಮೇಲೆ ಇಲ್ಲವಾದವು. ಕಳೆದ ತಿಂಗಳು ದಾನಮ್ಮನ ಕರುಳನ್ನೂ ನೋಡಿದರು. ಅಲ್ಲಿಯೂ ಏನಿಲ್ಲ. ಡಾಕ್ಟರು ಏನಿಲ್ಲ ಎಂದಾಗ ನಾನು ಅವರನ್ನು ಇನ್ನೊಂದು ಸಲ ಹೇಳಿ ಎಂದು ಕೇಳಿದೆ, ಅವರು ಇನ್ನೊಂದು ಸಲ ಹೇಳಿದರು. ಆ ದಿನ ಸಂಜೆ ನಾನು ಹಾಸಿಗೆಗೆ ಬಿದ್ದವಳು ಮರುದಿನ ಮಧ್ಯಾಹ್ನ ಎದ್ದೆ. ದಾನಮ್ಮ ಅಷ್ಟರೊಳಗೆ ಗಂಟುಮೂಟೆ ಕಟ್ಟಿ, ಬನಹಟ್ಟಿಯ ಗಾಡಿ ಎಷ್ಟು ಹೊತ್ತಿಗೆ ಎಂದು ವಿಚಾರಿಸಿಕೊಂಡಿದ್ದಳು. ಈಗ ಮಗ್ಗದಲ್ಲಿದ್ದಾಳೆ. ಲಾಳಿಗೆ ಇನ್ನು ಚಿತ್ರದ ಕೆಲಸವಿಲ್ಲ, ಮುದಿಯಾಗುವ ತನಕ ಇಲಿಮನೆಯ ತಂಪಾದ ಒಳ ಅಂಗಳದಲ್ಲಿ ಇರುತ್ತದೆ. ಇಲಿವಾರದ ದಿನ ಚಿತ್ರ ತೆಗೆಯಬಾರದು ಎಂದು ನಮ್ಮಲ್ಲಿ ಹೊಸ ನಿಯಮ ಬಂದಿದೆ. ತಿನ್ನಿಸಬಾರದು ಎಂಬ ನಿಯಮವನ್ನು ಬಿಗಿ ಮಾಡಬಹುದಿತ್ತು. ಅದರಿಂದ ಉಪಯೋಗವಿಲ್ಲ ಎಂದು ಡಾಕ್ಟರ್ ನದಾಫ್ ಅವರಿಗೆ ತಿಳಿದಿದೆ.

ಇನ್ನು ನನ್ನ ಒಂದು ಕೋರಿಕೆ. ಅಧಿಕಾರಿ ಇದೊಂದನ್ನು ಹೊಡೆದು ಹಾಕಿಲ್ಲ. ನಿಮಗೆ ದಣಿವಾಗಿರುತ್ತದೆ ಎಂದು ಬಲ್ಲೆ. ಗೂಡುಗಳು ಬಹಳ, ಯಂತ್ರದ ಮುಂದೆ ಸರದಿ ಉದ್ದ, ನಿಮ್ಮ ಮೇಲಿನವರಿಗೆ ಯಾವಾಗಲೂ ಅವಸರ. ಅದೇ ಇಲಿಯನ್ನು ಮತ್ತೆ ಮಲಗಿಸಿ, ಮತ್ತೆ ಬೆಚ್ಚಗಿಟ್ಟು, ಮತ್ತೆ ಹುಡುಕುವುದಕ್ಕಿಂತ ಒಂದು ಸಲ ಕೊಯ್ದು ಎಣಿಸಿಬಿಡುವುದು ಸುಲಭ. ಇದೆಲ್ಲ ಯಾರಿಗೆ ಬೇಕು ಎಂದು ಒಂದಲ್ಲ ಒಂದು ಸಂಜೆ ನಿಮಗೆ ಅನ್ನಿಸಿಯೇ ಅನ್ನಿಸುತ್ತದೆ. ಆ ಸಂಜೆ ಯಂತ್ರ ಆರಿಸಬೇಡಿ. ಇನ್ನೊಂದು ಸಲ ನೋಡಿ. ಯಾರಿಗೆ ಬೇಕು ಎಂದರೆ, ಬನಹಟ್ಟಿಯಲ್ಲಿ ಇವತ್ತು ಸುಮ್ಮದಿನವಾದರೂ ಮಗ್ಗ ಬಿಟ್ಟು ಏಳದ ನನ್ನ ತಂಗಿಗೆ.

ನಿಮ್ಮ,
ನೀಲಗಂಗಾ